ಮೊರ, ಸಿಬ್ಬಲು, ಚಂದ್ರಿಕೆ: ಬಿದಿರಿನ ಬುಟ್ಟಿಗಳಿಂದ ಗೋಡೆ ಸಿಂಗರಿಸುವ ಸಮಗ್ರ ಮಾರ್ಗದರ್ಶಿ

ಗೌರಿ ಹಬ್ಬ ಮುಗಿದ ಮೇಲೆ ನಮ್ಮ ಮನೆಯಲ್ಲಿ ಮೊರಗಳು ಉಳಿಯುತ್ತವೆ. ಬಾಗಿನ ಒಂದಕ್ಕೆ ಎರಡು ಮೊರ. ತವರಿನಿಂದ ಒಂದು, ಅತ್ತಿಗೆಯಿಂದ ಒಂದು, ಪಕ್ಕದ ಮನೆಯವರಿಂದ ಒಂದು ಬಂದರೆ ಆರು ಮೊರ ಆಯಿತು. ಒಳಗಿನ ಅಕ್ಕಿ, ಬೇಳೆ, ಬೆಲ್ಲ ಅಡುಗೆಗೆ ಹೋಗುತ್ತದೆ. ಬಳೆ ಕೈಗೇರುತ್ತದೆ. ಮೊರ ಮಾತ್ರ ಅಟ್ಟ ಸೇರುತ್ತದೆ.

ನಾಲ್ಕು ವರ್ಷದ ಹಿಂದೆ ಅಟ್ಟ ಗುಡಿಸುವಾಗ ಹಾಗೆ ಕೂಡಿಟ್ಟ ಹನ್ನೆರಡು ಮೊರ ಸಿಕ್ಕವು. ಐದಕ್ಕೆ ಬಿದಿರು ಕೊರೆಯುವ ಕುಟ್ಟೆ ಹುಳು ಹಿಡಿದಿತ್ತು. ಎತ್ತಿದ ತಕ್ಷಣ ಹಿಟ್ಟು ಉದುರಿತು. ಉಳಿದ ಏಳು ಗಟ್ಟಿಯಾಗಿದ್ದವು. ಅಂಚಿನಲ್ಲಿ ಅರಿಸಿನದ ಕಲೆ ಹಾಗೇ ಇತ್ತು. ಅವನ್ನು ಮತ್ತೆ ಅಟ್ಟಕ್ಕೆ ತುರುಕಲು ಮನಸ್ಸು ಬರಲಿಲ್ಲ. ತೊಳೆದು, ಒಣಗಿಸಿ, ಊಟದ ಮೇಜಿನ ಹಿಂದಿನ ಗೋಡೆಗೆ ಹಾಕಿದೆ. ಇವತ್ತಿಗೂ ಅಲ್ಲೇ ಇವೆ.

ಗೋಡೆಗೆ ಬುಟ್ಟಿ ಹಾಕುವುದು ಹೊಸ ಫ್ಯಾಷನ್ ಅಂತ ಅನ್ನಿಸಬಹುದು. ಇಂಟರ್ನೆಟ್ಟಿನಲ್ಲಿ ಕಾಣುವ ಚಿತ್ರಗಳಲ್ಲಿ ಹೆಚ್ಚಿನವು ಆಫ್ರಿಕಾದ ಬುಟ್ಟಿಗಳು. ಜಿಂಬಾಬ್ವೆಯ ಟೋಂಗಾ ಹೆಂಗಸರು ಹೆಣೆಯುವ ಬಿಂಗಾ ಬುಟ್ಟಿಗಳು ಅವುಗಳಲ್ಲಿ ಹೆಸರಾದವು. ತುಂಬಾ ಚೆಂದ ಇರುತ್ತವೆ. ಆದರೆ ನಮ್ಮ ಹಳೆಯ ಮನೆಗಳನ್ನೇ ನೆನಪು ಮಾಡಿಕೊಳ್ಳಿ. ಅಡುಗೆಮನೆ ಗೋಡೆಯಲ್ಲಿ ಮರದ ಗೂಟ. ಗೂಟಕ್ಕೆ ಮೊರ, ಜರಡಿ, ಸಣ್ಣ ಬುಟ್ಟಿ. ಕೆಲಸ ಮುಗಿದ ಮೇಲೆ ಅವು ಗೋಡೆಯ ಮೇಲೇ ಇರುತ್ತಿದ್ದವು. ಬೇಕಾದಾಗ ಕೈಗೆ ಬರುತ್ತಿದ್ದವು. ನಾವೀಗ ಮಾಡುವುದು ಅದನ್ನೇ, ಸ್ವಲ್ಪ ಯೋಚಿಸಿ, ಸ್ವಲ್ಪ ಅಂದವಾಗಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಕೆಲಸದಲ್ಲಿ ಗೋಡೆಯ ಪಾಲು ಅರ್ಧ ದಿನ, ಬುಟ್ಟಿಯ ಪಾಲು ಎರಡು ವಾರ. ಬುಟ್ಟಿಯನ್ನು ಸರಿಯಾಗಿ ಹದ ಮಾಡದೆ ಗೋಡೆಗೆ ಹಾಕಿದರೆ ಒಂದೆರಡು ಮಳೆಗಾಲದಲ್ಲಿ ಬೂಷ್ಟು, ಕುಟ್ಟೆ, ನೆಲದ ಮೇಲೆ ಹಳದಿ ಹಿಟ್ಟು. ಆಮೇಲೆ ಬಿಸಾಡುವುದೇ ಗತಿ. ಅದಕ್ಕೇ ಈ ಬರಹದಲ್ಲಿ ಹದ ಮಾಡುವ ಭಾಗ ಜಾಸ್ತಿ ಉದ್ದ ಇದೆ. ದಯವಿಟ್ಟು ಅದನ್ನು ಹಾರಿಸಿ ಓದಬೇಡಿ.

ಯಾವ ಬುಟ್ಟಿ ಗೋಡೆಗೆ ಒಗ್ಗುತ್ತದೆ

ಗೋಡೆಗೆ ಬೇಕಾದದ್ದು ಚಪ್ಪಟೆ ಬುಟ್ಟಿ. ಆಳ ನಾಲ್ಕು ಇಂಚು ದಾಟಿದರೆ ಅದು ಗೋಡೆಯಿಂದ ಎದ್ದು ನಿಲ್ಲುತ್ತದೆ. ಓಡಾಡುವಾಗ ಭುಜಕ್ಕೆ ತಾಗುತ್ತದೆ, ಒಳಗೆ ದೂಳು ತುಂಬುತ್ತದೆ. ಮಂಕರಿ, ಹೆಡಗೆಯಂಥ ಆಳದ ಬುಟ್ಟಿಗಳನ್ನು ನೆಲದ ಮೇಲೇ ಇಡಿ. ಒಗೆಯುವ ಬಟ್ಟೆ ಹಾಕಲು, ಗಿಡದ ಕುಂಡ ಮುಚ್ಚಲು ಅವು ಒಳ್ಳೆಯವು.

ನಮ್ಮಲ್ಲಿ ಸುಲಭವಾಗಿ ಸಿಗುವ ಚಪ್ಪಟೆ ಬುಟ್ಟಿ ಅಂದರೆ ಮೊರವೇ. ಒಂದು ಬದಿ ತೆರೆದಿರುವುದರಿಂದ ಅದಕ್ಕೆ ಒಂದು ದಿಕ್ಕಿದೆ. ತೆರೆದ ಬಾಯಿ ಕೆಳಗೆ ಮಾಡಿ ಹಾಕಿದರೆ ದೂಳು ನಿಲ್ಲುವುದಿಲ್ಲ. ಮೇಲೆ ಮಾಡಿದರೆ ಒಣಗಿದ ಹೂವು, ನವಿಲುಗರಿ ಸಿಕ್ಕಿಸಬಹುದು. ಬಾಗಿನಕ್ಕೆ ಬರುವ ಪುಟ್ಟ ಮೊರಗಳು ಗುಂಪಾಗಿ ಚೆನ್ನಾಗಿ ಕಾಣುತ್ತವೆ. ಕಾಳು ಕೇರುವ ದೊಡ್ಡ ಮೊರ ಒಂದೇ ಒಂದಿದ್ದರೂ ಗೋಡೆ ತುಂಬುತ್ತದೆ.

ಅನ್ನ ಬಸಿಯುವ ಸಿಬ್ಬಲು ನನಗೆ ತುಂಬಾ ಇಷ್ಟ. ದುಂಡಗೆ, ತೆಳ್ಳಗೆ, ನಡುವೆ ಕಣ್ಣು ಕಣ್ಣು. ಕುಕ್ಕರ್ ಬಂದ ಮೇಲೆ ಅನ್ನ ಬಸಿಯುವುದು ಕಡಿಮೆಯಾಯಿತು, ಸಿಬ್ಬಲು ಅಡುಗೆಮನೆಯ ಮೂಲೆ ಸೇರಿತು. ಊರಿನ ಮನೆಯಲ್ಲಿ ಹುಡುಕಿದರೆ ಖಂಡಿತ ಒಂದಾದರೂ ಸಿಗುತ್ತದೆ. ಬಳಸಿ ಬಳಸಿ ಕಂದು ಬಣ್ಣಕ್ಕೆ ತಿರುಗಿದ ಸಿಬ್ಬಲಿಗೆ ಇರುವ ಹೊಳಪು ಹೊಸದಕ್ಕೆ ಬರುವುದೇ ಇಲ್ಲ.

ಉತ್ತರ ಕರ್ನಾಟಕದ ಕಡೆ ರೊಟ್ಟಿ ಇಡುವ ಅಗಲ ಬುಟ್ಟಿ ಇದೆ. ದಕ್ಷಿಣ ಕನ್ನಡ, ಉಡುಪಿ ಕಡೆ ಕೊರಗ ಸಮುದಾಯದವರು ಕಾಡಿನ ಬೀಳಿನಿಂದ, ಅಂದರೆ ಬಳ್ಳಿಯಿಂದ, ಬುಟ್ಟಿ ಹೆಣೆಯುತ್ತಾರೆ. ಬಿದಿರಿನ ಪಟ್ಟಿ ನೇರವಾಗಿ ಕೂರುತ್ತದೆ, ಬೀಳು ಬಳುಕುತ್ತದೆ. ಹಾಗಾಗಿ ಆ ಬುಟ್ಟಿಗಳ ಮೈ ಬೇರೆಯೇ. ಬಿದಿರಿನ ಮೊರಗಳ ನಡುವೆ ಒಂದು ಬೀಳಿನ ಬುಟ್ಟಿ ಹಾಕಿ ನೋಡಿ, ಇಡೀ ಗುಂಪಿಗೆ ಜೀವ ಬರುತ್ತದೆ. ಮೊರಕ್ಕೆ ತುಳುವಿನಲ್ಲಿ ತಡ್ಪೆ ಎನ್ನುತ್ತಾರೆ. ಅಲ್ಲಿನ ಸಂತೆಗಳಲ್ಲಿ ಆ ಹೆಸರು ಹೇಳಿ ಕೇಳಿ.

ಇನ್ನು ಚಂದ್ರಿಕೆ. ರೇಷ್ಮೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟಿ ಅದು. ಅದರ ಕೆಲಸವೇ ಬೇರೆ ಇರುವುದರಿಂದ ಕೊನೆಗೆ ಹೇಳುತ್ತೇನೆ.

ಕೊಳ್ಳುವಾಗ

ಹಲವು ಊರುಗಳಲ್ಲಿ ಬಿದಿರು ಹೆಣೆಯುವ ಮೇದರ ಕೇರಿ ಇರುತ್ತದೆ. ಮೈಸೂರಿನಲ್ಲಿ ಬಂಬೂ ಬಜಾರ್, ಮೇದರ ಬ್ಲಾಕ್ ಇವೆ. ಬೆಂಗಳೂರಿನಲ್ಲಿ ಗೌರಿ ಹಬ್ಬದ ಮುಂಚಿನ ವಾರ ಗಾಂಧಿ ಬಜಾರ್, ಮಲ್ಲೇಶ್ವರಂ ಬೀದಿಗಳಲ್ಲಿ ಮೊರಗಳ ರಾಶಿಯೇ ಬೀಳುತ್ತದೆ. ಆದರೆ ಹಬ್ಬದ ಗಡಿಬಿಡಿಯಲ್ಲಿ ಕೊಳ್ಳಬೇಡಿ. ಆಗ ಬೇಡಿಕೆ ಜಾಸ್ತಿ, ಹಸಿ ಬಿದಿರಿನಲ್ಲಿ ಬೇಗ ಬೇಗ ಹೆಣೆದ ಮೊರಗಳೂ ಬಂದಿರುತ್ತವೆ. ಹಬ್ಬ ಕಳೆದು ಒಂದೆರಡು ತಿಂಗಳಾದ ಮೇಲೆ ಹೆಣೆಯುವವರ ಹತ್ತಿರವೇ ಹೋಗಿ. ಅಳತೆ ಹೇಳಿ ಮಾಡಿಸಿಕೊಳ್ಳಿ. ಎಂಟು, ಹನ್ನೆರಡು, ಹದಿನೆಂಟು ಇಂಚು, ಹೀಗೆ ಮೂರು ಅಳತೆ ಇದ್ದರೆ ಗೋಡೆಯ ಮೇಲೆ ಜೋಡಿಸಲು ಸುಲಭ.

ಬುಟ್ಟಿ ಕೈಗೆ ತೆಗೆದುಕೊಂಡಾಗ ಮೊದಲು ನೋಡಬೇಕಾದ್ದು ಬಿದಿರಿನ ಯಾವ ಭಾಗದಿಂದ ಹೆಣೆದಿದ್ದಾರೆ ಅನ್ನುವುದು. ಬಿದಿರನ್ನು ಸೀಳಿದಾಗ ಹೊರಮೈಯ ಪಟ್ಟಿ ನುಣುಪಾಗಿ, ಗಟ್ಟಿಯಾಗಿ, ಸ್ವಲ್ಪ ಹೊಳೆಯುತ್ತದೆ. ಒಳಮೈಯ ಪಟ್ಟಿ ಬೆಳ್ಳಗೆ, ಮೆತ್ತಗೆ, ನಾರುನಾರಾಗಿ ಇರುತ್ತದೆ. ಕುಟ್ಟೆ ಹುಳುವಿಗೆ ಬೇಕಾದ ಪಿಷ್ಟ ಇರುವುದು ಈ ಮೆತ್ತನೆ ಭಾಗದಲ್ಲೇ. ಹೊರಮೈಯ ಬುಟ್ಟಿಗೆ ದುಡ್ಡು ಸ್ವಲ್ಪ ಹೆಚ್ಚು. ಕೊಡಿ, ಅದು ಬಾಳಿಕೆ ಬರುತ್ತದೆ.

ಆಮೇಲೆ ಅಂಚು ನೋಡಿ. ಬುಟ್ಟಿಯ ಬಲ ಇರುವುದು ಅಂಚಿನ ಕಟ್ಟಿನಲ್ಲಿ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ, ಕಟ್ಟು ಸಡಿಲಾಗಿದ್ದರೆ ಬೇಡ. ಹಳೆಯ ಬುಟ್ಟಿಯಾದರೆ ಒಂದು ಕಪ್ಪು ಬಟ್ಟೆಯ ಮೇಲೆ ಹಿಡಿದು ಹಿಂದಿನಿಂದ ನಾಲ್ಕು ಬಾರಿ ತಟ್ಟಿ. ನುಣ್ಣನೆ ಹಿಟ್ಟು ಉದುರಿದರೆ, ಸೂಜಿ ಚುಚ್ಚಿದಂಥ ತೂತುಗಳು ಕಂಡರೆ, ಒಳಗೆ ಹುಳು ಇದೆ.

ಚೌಕಾಸಿ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಂದು ಮೊರಕ್ಕೆ ಬಿದಿರು ತರಬೇಕು, ಸೀಳಬೇಕು, ಪಟ್ಟಿ ಎಳೆದು ನುಣುಪು ಮಾಡಬೇಕು, ಹೆಣೆಯಬೇಕು, ಅಂಚು ಕಟ್ಟಬೇಕು. ಅಷ್ಟೂ ಕೈಕೆಲಸ. ಹನ್ನೆರಡನೇ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ ಇದ್ದರು. ಬಿದಿರಿನ ಬುಟ್ಟಿ, ಮೊರ ಹೆಣೆಯುವುದೇ ಅವರ ಕಾಯಕ. ಅಷ್ಟು ಹಳೆಯ ಕಸುಬು ಇದು. ಅಂಗಡಿಯಲ್ಲಿ ಚೌಕಟ್ಟು ಹಾಕಿದ ಒಂದು ಅಚ್ಚಿನ ಚಿತ್ರಕ್ಕೆ ಕೇಳಿದಷ್ಟು ಕೊಡುತ್ತೇವೆ. ಮೊರದ ಹತ್ತು ರೂಪಾಯಿಗೆ ಯಾಕೆ ಎಳೆದಾಡಬೇಕು?

ಕುಟ್ಟೆ ಮತ್ತು ಬೂಷ್ಟಿಗೆ ಮದ್ದು

ಹಿಂದಿನವರ ಮೊರಗಳು ಅಷ್ಟು ವರ್ಷ ಹೇಗೆ ಬಾಳಿದವು? ಎರಡು ಕಾರಣ. ಒಂದು, ಬಿದಿರನ್ನು ನೀರಿನಲ್ಲಿ ಕೆಲವು ವಾರ ಮುಳುಗಿಸಿಡುತ್ತಿದ್ದರು. ಪಿಷ್ಟ ನೀರಿಗೆ ಬಿಡುತ್ತಿತ್ತು, ಹುಳುವಿಗೆ ಊಟ ಇಲ್ಲದಾಗುತ್ತಿತ್ತು. ಎರಡು, ಸೌದೆ ಒಲೆಯ ಹೊಗೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬುಟ್ಟಿ ದಿನಾ ಹೊಗೆ ಕುಡಿಯುತ್ತಿತ್ತು. ಈಗ ಗ್ಯಾಸ್ ಒಲೆ. ಹೊಗೆ ಇಲ್ಲ. ಹಾಗಾಗಿ ಹದ ಮಾಡುವ ಕೆಲಸ ನಾವೇ ಮಾಡಬೇಕು.

ಮೊದಲು ತೊಳೆಯಿರಿ. ಮೆತ್ತನೆ ಬ್ರಷ್, ನೀರು, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ. ಹೆಣಿಗೆಯ ದಿಕ್ಕಿನಲ್ಲೇ ಉಜ್ಜಿ, ಅಡ್ಡ ಉಜ್ಜಿದರೆ ಸಿಬಿರು ಏಳುತ್ತದೆ. ಹಳೆಯ ಮೊರದ ಕಂಡಿಗಳಲ್ಲಿ ಸಗಣಿಯೋ, ಮೆಂತ್ಯ ಮತ್ತು ಕಾಗದ ಅರೆದು ಬಳಿದ ಲೇಪವೋ ಇರುತ್ತದೆ. ಹಿಟ್ಟು ಸೋರದಿರಲಿ ಅಂತ ಹಚ್ಚುತ್ತಿದ್ದರು. ಲೇಪ ಗಟ್ಟಿಯಾಗಿದ್ದರೆ ಅದನ್ನು ಕೀಳಬೇಡಿ. ಒದ್ದೆ ಮಾಡದೆ ಬರೀ ಒಣ ಬ್ರಷ್ಷಿನಲ್ಲಿ ಒರೆಸಿ, ಮುಂದಿನ ದ್ರಾವಣದ ಕೆಲಸ ಅದಕ್ಕೆ ಬೇಡ. ಆ ಲೇಪ ಬುಟ್ಟಿಯ ಚರಿತ್ರೆ, ಅಲ್ವಾ?

ತೊಳೆದ ಬುಟ್ಟಿಯನ್ನು ನೆರಳಲ್ಲಿ, ಗಾಳಿ ಆಡುವ ಕಡೆ ಎರಡು ಮೂರು ದಿನ ಒಣಗಿಸಿ. ಉರಿ ಬಿಸಿಲಿನಲ್ಲಿ ಇಟ್ಟರೆ ಬಿದಿರು ಬೇಗ ಬಿರಿಯುತ್ತದೆ, ಮೊರ ಸೊಟ್ಟಗಾಗುತ್ತದೆ.

ಈಗ ಮುಖ್ಯ ಕೆಲಸ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಪುಡಿ ಬೇಕು. ಬೋರಾಕ್ಸ್ ಅಂದರೆ ನಮ್ಮ ಬಿಳಿಗಾರ. ಬೋರಿಕ್ ಪುಡಿ ನಿಮಗೆ ಕೇರಂ ಬೋರ್ಡಿನ ಮೇಲೆ ಉದುರಿಸುತ್ತಿದ್ದ ಬಿಳಿ ಪುಡಿಯಾಗಿ ನೆನಪಿರಬಹುದು. ಬಿದಿರು ಕೆಡದಂತೆ ಹದ ಮಾಡಲು ಜಗತ್ತಿನ ಹಲವು ಕಡೆ ಇವೆರಡನ್ನೇ ಬಳಸುತ್ತಾರೆ. ಲೆಕ್ಕ ಹೀಗೆ: ಒಂದು ಲೀಟರ್ ನೀರಿಗೆ 30 ಗ್ರಾಂ ಬೋರಾಕ್ಸ್, 20 ಗ್ರಾಂ ಬೋರಿಕ್ ಪುಡಿ. ಆರೇಳು ಬುಟ್ಟಿ ಮುಳುಗಲು ದೊಡ್ಡ ಟಬ್ಬಿನಲ್ಲಿ ಹತ್ತು ಲೀಟರ್ ಬೇಕಾಗುತ್ತದೆ. ಅಂದರೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಪುಡಿ. ಬಿಸಿ ನೀರಿನಲ್ಲಿ ಬೇಗ ಕರಗುತ್ತದೆ. ಪೂರ್ತಿ ಕರಗಿದ ಮೇಲೆ ಬುಟ್ಟಿ ಮುಳುಗಿಸಿ, ತೇಲದಂತೆ ಮೇಲೆ ಭಾರ ಇಡಿ. ರಾತ್ರಿಯಿಡೀ ಬಿಡಿ. ಸೀಳಿದ ತೆಳು ಪಟ್ಟಿಯಾದ್ದರಿಂದ ಚೆನ್ನಾಗಿ ಹೀರಿಕೊಳ್ಳುತ್ತದೆ.

ಬೆಳಿಗ್ಗೆ ತೆಗೆದು ಹಾಗೇ ನೆರಳಲ್ಲಿ ಒಂದು ವಾರ ಒಣಗಿಸಿ. ಮತ್ತೆ ನೀರಿನಲ್ಲಿ ತೊಳೆಯಬೇಡಿ, ಮದ್ದೆಲ್ಲ ತೊಳೆದು ಹೋಗುತ್ತದೆ. ಮೇಲೆ ಬಿಳಿ ಪುಡಿ ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ.

ಇಲ್ಲಿ ಎಚ್ಚರಿಕೆ ಬೇಕು. ಈ ಕೆಲಸಕ್ಕೆ ಕೈಗೆ ಗ್ಲೌಸ್ ಹಾಕಿ. ಅಡುಗೆಯ ಪಾತ್ರೆ, ಸೌಟು ಬಳಸಬೇಡಿ. ಮಕ್ಕಳು, ನಾಯಿ ಬೆಕ್ಕು ಟಬ್ಬಿನ ಹತ್ತಿರ ಬರದಂತೆ ನೋಡಿಕೊಳ್ಳಿ. ಉಳಿದ ನೀರನ್ನು ಗಿಡಕ್ಕೆ ಹಾಕಬೇಡಿ, ಗಿಡ ಸಾಯುತ್ತದೆ. ಒಮ್ಮೆ ಈ ಮದ್ದು ಕುಡಿದ ಮೊರದಲ್ಲಿ ಇನ್ನು ಅಕ್ಕಿ ಕೇರುವ ಹಾಗಿಲ್ಲ, ಬಾಗಿನಕ್ಕೂ ಕೊಡುವ ಹಾಗಿಲ್ಲ. ಮತ್ತೆ ಬಳಸಬೇಕು ಅನ್ನುವ ಬುಟ್ಟಿಯನ್ನು ಬೇರೆ ಇಡಿ. ಅದಕ್ಕೆ ಮದ್ದು ಬೇಡ, ತೊಳೆದು ಒಣಗಿಸಿ ಹಾಗೇ ಗೋಡೆಗೆ ಹಾಕಿ, ಆಗಾಗ ಇಳಿಸಿ ಬಳಸಿ.

ಅಂಥ ಬುಟ್ಟಿಗೆ ಹುಳು ಬಂದರೆ ಫ್ರೀಜರ್ ಇದೆ. ಚೆನ್ನಾಗಿ ಒಣಗಿದ ಬುಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಾಯಿ ಬಿಗಿದು, ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಇಲ್ಲದಿದ್ದರೆ ತಣ್ಣನೆ ಬಿದಿರಿನ ಮೇಲೆ ನೀರು ಕೂರುತ್ತದೆ. ವಸ್ತುಸಂಗ್ರಹಾಲಯಗಳಲ್ಲೂ ಹುಳು ಹಿಡಿದ ವಸ್ತುಗಳಿಗೆ ಹೀಗೇ ಮಾಡುತ್ತಾರೆ. ಪುಟ್ಟ ಬುಟ್ಟಿಗಳಿಗೆ ಮಾತ್ರ ಈ ದಾರಿ, ದೊಡ್ಡದು ಮನೆಯ ಫ್ರೀಜರಿನಲ್ಲಿ ಹಿಡಿಸುವುದಿಲ್ಲ.

ಕೊನೆಯ ಲೇಪ ನಿಮ್ಮಿಷ್ಟ. ನೀರಿನಲ್ಲಿ ಬೆರೆಯುವ ಹೊಳಪಿಲ್ಲದ ವಾರ್ನಿಷ್ ತೆಳ್ಳಗೆ ಎರಡು ಸಲ ಹಚ್ಚಿದರೆ ಬಿದಿರಿನ ಬಣ್ಣ ಹಾಗೇ ಉಳಿಯುತ್ತದೆ, ದೂಳು ಒರೆಸಲು ಸುಲಭ. ಹೊಳೆಯುವ ವಾರ್ನಿಷ್ ಬೇಡವೇ ಬೇಡ. ಬಿದಿರು ಪ್ಲಾಸ್ಟಿಕ್ ಥರ ಕಾಣುತ್ತದೆ. ಕಂದು ಛಾಯೆ ಬೇಕಿದ್ದರೆ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಪೇಂಟ್ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಒರೆಸಿ. ಎಣ್ಣೆ ಹಚ್ಚಿದ ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ.

ಬಣ್ಣ ಬೇಕೆ?

ನನ್ನ ಏಳು ಮೊರಗಳಿಗೆ ಬಣ್ಣ ಹಾಕಿಲ್ಲ. ಅರಿಸಿನ ಕುಂಕುಮದ ಕಲೆಯನ್ನೂ ಉಜ್ಜಿ ತೆಗೆದಿಲ್ಲ. ಆದರೆ ಬಣ್ಣದ ಬುಟ್ಟಿ ಅಂದರೆ ನನಗೆ ನೆನಪಾಗುವುದು ಮಲೆನಾಡಿನ ಭೂಮಣ್ಣಿ ಬುಟ್ಟಿ.

ಸಾಗರ, ಸೊರಬದ ಕಡೆ ದೀವರು ಸಮುದಾಯದವರು ಭೂಮಿ ಹುಣ್ಣಿಮೆಗೆ ಈ ಬುಟ್ಟಿ ಸಿದ್ಧ ಮಾಡುತ್ತಾರೆ. ಆಶ್ವಯುಜ ಮಾಸದ ಹುಣ್ಣಿಮೆ ಅದು, ಸೀಗೆ ಹುಣ್ಣಿಮೆ ಅಂತಲೂ ಕರೆಯುತ್ತಾರೆ. ಗದ್ದೆಯಲ್ಲಿ ಪೈರು ಹೊಡೆಯೊಡೆಯುವ ಕಾಲ. ಭೂಮಿತಾಯಿ ಬಸುರಿ ಅಂತ ಭಾವಿಸಿ, ಬಗೆಬಗೆ ಅಡುಗೆ ಮಾಡಿ, ಆ ಬುಟ್ಟಿಯಲ್ಲಿಟ್ಟು ಹೊಲಗದ್ದೆಗೆ ಒಯ್ಯುತ್ತಾರೆ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬರೆಯುವವರು ಮನೆಯ ಹೆಂಗಸರು. ಕುಂಚ ಅಂದರೆ ಪುಂಡಿ ನಾರು. ಗೆರೆಗಳು ಎಷ್ಟು ಸಣ್ಣ, ಎಷ್ಟು ನೇರ ಅಂದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರವೂ ಇದೇ ಕೈಗಳದ್ದು.

ಪೂಜೆಗೆ ಬಳಸಿದ ಬುಟ್ಟಿಯನ್ನು ಅಲಂಕಾರಕ್ಕೆ ಕೊಡಿ ಅಂತ ಯಾರನ್ನೂ ಕೇಳಬೇಡಿ. ಚಿತ್ತಾರ ಬಲ್ಲವರು ಮಾರಾಟಕ್ಕೆಂದೇ ಬರೆದುಕೊಡುತ್ತಾರೆ, ಅವರಲ್ಲಿ ಹೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು. ನೀವೇ ಪ್ರಯತ್ನಿಸುವುದಾದರೆ ಮದ್ದು ಕುಡಿದು ಒಣಗಿದ ಬುಟ್ಟಿ ತೆಗೆದುಕೊಳ್ಳಿ. ಒಂದು ಪಾಲು ಫೆವಿಕಾಲ್, ನಾಲ್ಕು ಪಾಲು ನೀರು ಬೆರೆಸಿ, ಅದರಲ್ಲಿ ಜರಡಿ ಹಿಡಿದ ಕೆಮ್ಮಣ್ಣು ಕಲಸಿ. ದೋಸೆ ಹಿಟ್ಟಿನ ಹದ ಇರಲಿ. ಎರಡು ಸಲ ಬಳಿಯಿರಿ. ಅಕ್ಕಿ ಹಿಟ್ಟಿನ ಬಿಳಿ ಹಬ್ಬಕ್ಕೆ ಸರಿ, ಅಲ್ಲಿ ವರ್ಷ ವರ್ಷ ಹೊಸದಾಗಿ ಬರೆಯುತ್ತಾರೆ. ಗೋಡೆಯ ಮೇಲೆ ಬಹಳ ಕಾಲ ಇರುವ ಬುಟ್ಟಿಗೆ ಅದು ಹುಳು ಕರೆಯುತ್ತದೆ. ಬದಲಿಗೆ ಬಿಳಿ ಅಕ್ರಿಲಿಕ್ ಬಣ್ಣ, ಸೊನ್ನೆ ನಂಬರಿನ ಕುಂಚ ಬಳಸಿ. ಮೊದಲ ಸಲ ಬರೀ ನೇರ ಗೆರೆ, ಅಡ್ಡ ಗೆರೆ, ತ್ರಿಕೋನ ಸಾಕು. ಹೆಣಿಗೆಯೇ ಗೆರೆ ತೋರಿಸುತ್ತದೆ, ಅದನ್ನು ಹಿಡಿದುಕೊಂಡು ಹೋಗಿ.

ಎಲ್ಲ ಬುಟ್ಟಿಗೂ ಬಣ್ಣ ಹಾಕಬೇಡಿ. ಏಳರಲ್ಲಿ ಒಂದಕ್ಕೋ ಎರಡಕ್ಕೋ ಇದ್ದರೆ ಕಣ್ಣಿಗೆ ಹಿತ.

ಯಾವ ಗೋಡೆ

ಕೈ ಇಟ್ಟಾಗ ತಣ್ಣಗೆ, ಒದ್ದೆ ಅನ್ನಿಸುವ ಗೋಡೆ ಬೇಡ. ಮಳೆಗಾಲದಲ್ಲಿ ಬಣ್ಣ ಉಬ್ಬುವ ಗೋಡೆ, ಬಚ್ಚಲಿಗೆ ಅಂಟಿದ ಗೋಡೆ, ಒಗ್ಗರಣೆ ಸಿಡಿಯುವ ಒಲೆಯ ಪಕ್ಕದ ಗೋಡೆ ಕೂಡ ಬೇಡ. ನೇರ ಬಿಸಿಲು ದಿನಾ ಬೀಳುವ ಕಡೆ ಬಿದಿರು ಬಣ್ಣಗೆಟ್ಟು ಪುಡಿಪುಡಿಯಾಗುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹೊರಗೋಡೆಗಿಂತ ಒಳಗಿನ ನಡುಗೋಡೆ ಆರಿಸಿ. ಎರಡು ಕಡೆಯೂ ಒಣಗಿರುತ್ತದೆ.

ಇನ್ನೊಂದು ವಿಷಯ. ಮೊರ ತುಳಿಯಬಾರದು, ದಾಟಬಾರದು ಅಂತ ಕೇಳಿಕೊಂಡು ಬೆಳೆದವರು ನಾವು. ಹಾಗಾಗಿ ಮೊರವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೋ, ಕಾಲಿನ ಮಟ್ಟದಲ್ಲೋ ಹಾಕಬೇಡಿ. ಮನೆಗೆ ಬಂದ ಹಿರಿಯರ ಮನಸ್ಸಿಗೆ ನೋವಾಗುತ್ತದೆ.

ನೆಲದ ಮೇಲೆ ಮೊದಲು

ಮೊಳೆ ಕೈಗೆತ್ತಿಕೊಳ್ಳುವ ಮುಂಚೆ ಬುಟ್ಟಿಗಳನ್ನು ನೆಲದ ಮೇಲೆ ಹರಡಿ. ಗೋಡೆಯಲ್ಲಿ ಎಷ್ಟು ಜಾಗ ಇದೆಯೋ ಅಷ್ಟು ಅಳತೆಗೆ ನೆಲದ ಮೇಲೆ ದಾರ ಇಟ್ಟುಕೊಳ್ಳಿ. ಸೋಫಾ ಮೇಲಿನ ಗೋಡೆಯಾದರೆ ಬುಟ್ಟಿಗಳ ಗುಂಪು ಸೋಫಾದ ಉದ್ದದ ಮೂರರಲ್ಲಿ ಎರಡು ಪಾಲು ಇದ್ದರೆ ಸರಿ. ಅದಕ್ಕಿಂತ ಚಿಕ್ಕದಾದರೆ ಗೋಡೆಯಲ್ಲಿ ಕಳೆದುಹೋದ ಹಾಗೆ ಕಾಣುತ್ತದೆ.

ಎಲ್ಲಕ್ಕಿಂತ ದೊಡ್ಡ ಬುಟ್ಟಿಯನ್ನು ಮೊದಲು ಇಡಿ. ನಟ್ಟ ನಡುವೆ ಬೇಡ, ಸ್ವಲ್ಪ ಪಕ್ಕಕ್ಕೆ. ಎರಡನೇ ದೊಡ್ಡದನ್ನು ಅದರ ಎದುರು ಮೂಲೆಯ ಕಡೆ. ಆಮೇಲೆ ಸಣ್ಣವು ತಾವಾಗೇ ಜಾಗ ಹುಡುಕಿಕೊಳ್ಳುತ್ತವೆ. ನಡುವೆ ಎರಡರಿಂದ ಮೂರು ಇಂಚು ಬಿಡಿ. ಐದು, ಏಳು, ಒಂಬತ್ತು ಹೀಗೆ ಬೆಸ ಸಂಖ್ಯೆ ಇದ್ದರೆ ಜೋಡಿಸುವುದು ಸುಲಭ. ಹೊಸ ಬುಟ್ಟಿಗಳೆಲ್ಲ ಒಂದು ಕಡೆ, ಹಳೆಯ ಕಂದು ಬುಟ್ಟಿಗಳೆಲ್ಲ ಒಂದು ಕಡೆ ಸೇರದಿರಲಿ, ಬೆರೆಸಿ ಇಡಿ. ಮೊರಗಳ ಬಾಯಿ ಎಲ್ಲವೂ ಒಂದೇ ಕಡೆ ಇರಬೇಕಿಲ್ಲ. ನನ್ನ ಗೋಡೆಯಲ್ಲಿ ನಾಲ್ಕು ಕೆಳಗೆ ನೋಡುತ್ತವೆ, ಮೂರು ಓರೆಯಾಗಿವೆ. ಎಲ್ಲ ನೇರ ಇಟ್ಟಾಗ ಪಾತ್ರೆ ಅಂಗಡಿಯ ಸಾಲಿನಂತೆ ಕಂಡಿತು.

ಮನಸ್ಸಿಗೆ ಬಂದ ಮೇಲೆ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ನಂತರ ಒಂದೊಂದು ಬುಟ್ಟಿಯ ಆಕಾರಕ್ಕೂ ಹಳೆಯ ಪೇಪರ್ ಕತ್ತರಿಸಿ, ಬೇಗ ಕಿತ್ತು ಬರುವ ಪೇಪರ್ ಟೇಪಿನಲ್ಲಿ ಗೋಡೆಗೆ ಅಂಟಿಸಿ. ಗುಂಪಿನ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿರಲಿ, ಅದು ಕಣ್ಣಿನ ಮಟ್ಟ. ಸೋಫಾ ಇದ್ದರೆ ಅದರ ಮೇಲಂಚಿನಿಂದ ಆರೆಂಟು ಇಂಚು ಬಿಟ್ಟು ಶುರು ಮಾಡಿ. ಪೇಪರನ್ನು ಎರಡು ದಿನ ಹಾಗೇ ಬಿಡಿ. ಹೋಗುತ್ತಾ ಬರುತ್ತಾ ನೋಡಿ. ಏನೋ ಸರಿ ಇಲ್ಲ ಅನ್ನಿಸಿದರೆ ಈಗಲೇ ಸರಿಸಿ.

ನೇತುಹಾಕುವುದು

ಬುಟ್ಟಿಯ ಅಂಚಿನಲ್ಲಿ ಮೊಳೆ ಹೊಡೆಯಬೇಡಿ. ಬಿದಿರು ಸೀಳುತ್ತದೆ. ಬುಟ್ಟಿಯ ಹಿಂಬದಿಯಲ್ಲಿ, ಅಂಚಿನಿಂದ ಒಂದು ಇಂಚು ಕೆಳಗೆ, ಹೆಣಿಗೆಯ ಕನಿಷ್ಠ ಮೂರು ಪಟ್ಟಿ ಸೇರುವಂತೆ ತೆಳು ತಾಮ್ರದ ತಂತಿಯನ್ನೋ, ಮೀನು ಹಿಡಿಯುವ ನೈಲಾನ್ ದಾರವನ್ನೋ ತೂರಿಸಿ ಕುಣಿಕೆ ಮಾಡಿ. ಕುಣಿಕೆ ಚಿಕ್ಕದಿರಲಿ. ಉದ್ದವಾದರೆ ಬುಟ್ಟಿ ಮುಂದಕ್ಕೆ ಬಾಗುತ್ತದೆ. ಮೊರಕ್ಕೆ ಒಂದೇ ಕುಣಿಕೆ ಸಾಲದು, ಫ್ಯಾನ್ ಗಾಳಿಗೆ ತಿರುಗಿಬಿಡುತ್ತದೆ. ಎರಡು ಕಡೆ ಕುಣಿಕೆ ಹಾಕಿ.

ಇಟ್ಟಿಗೆ, ಸಿಮೆಂಟ್ ಗೋಡೆಯಲ್ಲಿ ಹಗುರ ಬುಟ್ಟಿಗೆ ಒಂದು ಇಂಚಿನ ಸ್ಟೀಲ್ ಮೊಳೆ ಸಾಕು. ಮೊಳೆಯ ತಲೆ ಸ್ವಲ್ಪ ಮೇಲ್ಮುಖವಾಗಿ ಇರುವಂತೆ ಹೊಡೆಯಿರಿ. ದೊಡ್ಡ ಬುಟ್ಟಿಗೆ 6 ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ತುರುಕಿ, ಸ್ಕ್ರೂ ಹಾಕಿ. ಕೊರೆಯುವ ಮುಂಚೆ ಸ್ವಿಚ್ ಬೋರ್ಡ್ ಎಲ್ಲಿದೆ ನೋಡಿ. ಅದರ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕಕ್ಕೆ ಗೋಡೆಯೊಳಗೆ ವೈರ್ ಹೋಗಿರುತ್ತದೆ. ಆ ಸಾಲು ಬಿಟ್ಟುಬಿಡಿ. ಮಣ್ಣಿನ ಗೋಡೆಯ ಮನೆಯಾದರೆ ಹಳೆಯ ಗೂಟಗಳೇ ಇರುತ್ತವೆ, ಅವನ್ನೇ ಬಳಸಿ.

ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಬಿಡುವುದಿಲ್ಲ ಅನ್ನುವವರು ಅಂಟಿಸುವ ಹುಕ್ಕು ಬಳಸಬಹುದು. ನುಣುಪಾದ ಎಮಲ್ಷನ್ ಪೇಂಟಿನ ಮೇಲೆ ಅದು ಹಿಡಿಯುತ್ತದೆ. ಸುಣ್ಣ, ಡಿಸ್ಟೆಂಪರ್ ಗೋಡೆಯಲ್ಲಿ ಸುಣ್ಣದ ಸಮೇತ ಕಿತ್ತು ಬರುತ್ತದೆ. ಅಂಥ ಗೋಡೆಗೆ ಬೇರೆ ಉಪಾಯ: ಮೊದಲೇ ಇರುವ ಎರಡು ಮೊಳೆಗಳ ನಡುವೆ ಅಡ್ಡಲಾಗಿ ಒಂದು ಬಿದಿರ ಕೋಲು ಕಟ್ಟಿ, ಅದರಿಂದ ಸೆಣಬಿನ ಹಗ್ಗದಲ್ಲಿ ಮೂರು ನಾಲ್ಕು ಬುಟ್ಟಿ ಇಳಿಬಿಡಿ. ನನ್ನ ತಂಗಿಯ ಮನೆಯಲ್ಲಿ ಹೀಗೇ ಮಾಡಿದ್ದೇವೆ.

ಬುಟ್ಟಿ ಗೋಡೆಗೆ ಪೂರ್ತಿ ಒತ್ತಿಕೊಂಡಿದ್ದರೆ ಹಿಂದೆ ಗಾಳಿ ಆಡುವುದಿಲ್ಲ. ಹಿಂಬದಿಯ ಕೆಳಭಾಗದಲ್ಲಿ ಎರಡು ಬಾಟಲಿ ಬಿರಡೆಯ ಚೂರು ಅಂಟಿಸಿ. ಅರ್ಧ ಇಂಚು ಸಂದಿ ಸಾಕು, ಬೂಷ್ಟಿನ ತೊಂದರೆ ಬಹಳ ಕಡಿಮೆಯಾಗುತ್ತದೆ.

ಚಂದ್ರಿಕೆಯನ್ನು ಗೋಡೆಗೆ ಏರಿಸುವುದು

ರಾಮನಗರ, ಕನಕಪುರ, ಶಿಡ್ಲಘಟ್ಟದ ಕಡೆ ಓಡಾಡಿದವರು ಮನೆಗಳ ಮುಂದೆ ಒರಗಿಸಿಟ್ಟ ಚಂದ್ರಿಕೆಗಳನ್ನು ನೋಡಿರುತ್ತೀರಿ. ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರಿನ ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ, ಅಂಚು ಮೇಲೆ ಮಾಡಿ ಕಟ್ಟಿರುತ್ತಾರೆ. ಹಣ್ಣಾದ, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದ, ಸಾವಿರದಿಂದ ಸಾವಿರದಿನ್ನೂರು ಹುಳು ಒಂದು ಚಂದ್ರಿಕೆಯಲ್ಲಿ ಗೂಡು ಕಟ್ಟುತ್ತವೆ. ಈಗ ಪ್ಲಾಸ್ಟಿಕ್ಕಿನವು ಬಂದಿವೆ. ಹಾಗಾಗಿ ಹಳೆಯ ಬಿದಿರಿನ ಚಂದ್ರಿಕೆಗಳನ್ನು ರೈತರು ಕೇಳಿದರೆ ಕೊಡುತ್ತಾರೆ. ಸುಮ್ನೆ ಕೊಡುತ್ತೇನೆ ಅಂದರೂ ದುಡ್ಡು ಕೊಟ್ಟೇ ತನ್ನಿ.

ಹಳೆಯದಕ್ಕೆ ಹುಳುವಿನ ಮೂತ್ರದ ಕಲೆ, ವಾಸನೆ ಇರುತ್ತದೆ. ರೇಷ್ಮೆ ಎಳೆಗಳು ಅಂಟಿರುತ್ತವೆ. ಎಳೆಗಳನ್ನು ಒಣ ಬ್ರಷ್ಷಿನಲ್ಲಿ ತೆಗೆಯಿರಿ. ಆಮೇಲೆ ಲೀಟರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿದ ನೀರಿನಲ್ಲಿ ಹೊರಗೆ, ಬಯಲಿನಲ್ಲಿ ತೊಳೆದು, ಚೆನ್ನಾಗಿ ನೀರು ಹಾಕಿ. ಬ್ಲೀಚಿಂಗ್ ಪೌಡರಿಗೆ ಬೇರೆ ಯಾವ ಸೋಪು, ಆಸಿಡ್ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಒಣಗಿದ ಮೇಲೆ ಬೋರಾಕ್ಸ್ ದ್ರಾವಣವನ್ನು ಸ್ಪ್ರೇ ಮಾಡಿ, ಎರಡು ಮೂರು ಸಲ. ಇಷ್ಟು ದೊಡ್ಡದನ್ನು ಮುಳುಗಿಸಲು ಟಬ್ ಸಿಗುವುದಿಲ್ಲ.

ಹಾಕುವಾಗ ಇಬ್ಬರು ಬೇಕು, ನಾಲ್ಕು ಮೂಲೆಗೂ ಪ್ಲಗ್ ಸ್ಕ್ರೂ ಬೇಕು. ಪಕ್ಕದಲ್ಲಿ ಬೇರೇನೂ ಹಾಕಬೇಡಿ. ಅದೊಂದೇ ಇರಲಿ. ಓರೆಯಿಂದ ಬೀಳುವಂತೆ ಒಂದು ಹಳದಿ ಬೆಳಕಿನ ದೀಪ ಇಡಿ, ಬಲ್ಬಿನ ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಬರೆದಿರುವುದನ್ನು ತನ್ನಿ. ಸುರುಳಿಗಳ ನೆರಳು ಗೋಡೆಯ ತುಂಬ ಹರಡುತ್ತದೆ. ಸಂಜೆ ಆ ದೀಪ ಹಾಕಿದಾಗ ಮನೆಗೆ ಬಂದವರು ಮಾತು ನಿಲ್ಲಿಸಿ ನೋಡುತ್ತಾರೆ. ಮೊರ, ಸಿಬ್ಬಲಿಗೂ ಇದೇ ಬೆಳಕು ಚೆನ್ನ.

ಹೊರದೇಶಕ್ಕೆ ಒಯ್ಯುವವರಿಗೆ

ಬಾಗಿನದ ಮೊರ ಸೂಟ್‌ಕೇಸಿನಲ್ಲಿ ಹಿಡಿಸುತ್ತದೆ. ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಬಿದಿರಿನ ವಸ್ತು ಇದೆ ಅಂತ ಪ್ರಯಾಣಿಕರ ಘೋಷಣೆಯಲ್ಲಿ ಹೇಳಲೇಬೇಕು. ಮಣ್ಣು, ಸಗಣಿ, ಕಾಳು, ಹುಳು ಏನೂ ಇರಬಾರದು. ಮದ್ದು ಮಾಡಿ ವಾರ್ನಿಷ್ ಹಚ್ಚಿದ್ದನ್ನೇ ಒಯ್ಯಿರಿ. ಚಳಿ ದೇಶದಲ್ಲಿ ಹೀಟರ್ ಗಾಳಿಗೆ ಬಿದಿರು ತುಂಬಾ ಒಣಗಿ ಸೀಳುತ್ತದೆ. ಹೀಟರಿನ ಮೇಲಿನ ಗೋಡೆ ತಪ್ಪಿಸಿ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಒದ್ದೆ ಬಟ್ಟೆ ಹಿಂಡಿ ಒರೆಸಿ.

ಆಮೇಲೆ

ವಾರಕ್ಕೊಮ್ಮೆ ಒಣ ಬ್ರಷ್ಷಿನಲ್ಲಿ ದೂಳು ತೆಗೆದರೆ ಸಾಕು. ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಲ್ಲ ಬುಟ್ಟಿ ಇಳಿಸಿ. ಹಿಂಬದಿ ನೋಡಿ. ಬೂಷ್ಟು ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಅರ್ಧ ದಿನ ಎಳೆ ಬಿಸಿಲಿಗೆ ಇಡಿ. ಕೆಳಗೆ ನೆಲದ ಮೇಲೆ ಹಿಟ್ಟು ಕಂಡರೆ ಆ ಬುಟ್ಟಿಯನ್ನು ಅವತ್ತೇ ಬೇರೆ ಮಾಡಿ, ಮತ್ತೆ ಮದ್ದು ಹಾಕಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಹುಳುವಿಗೆ ಹೆಚ್ಚು ದಿನ ಬೇಡ.

ಅಂಚಿನ ಕಟ್ಟು ಬಿಚ್ಚಿದರೆ ಫೆವಿಕಾಲ್ ಹಾಕಿ ಮುಗಿಸಬೇಡಿ. ಮೇದರ ಕೇರಿಗೆ ಒಯ್ಯಿರಿ. ಹೊಸ ಪಟ್ಟಿ ಸುತ್ತಿ ಕಟ್ಟಿಕೊಡುತ್ತಾರೆ. ಕಳೆದ ವರ್ಷ ನನ್ನ ದೊಡ್ಡ ಮೊರದ ಅಂಚು ಬಿಚ್ಚಿದಾಗ ಹಾಗೇ ಒಯ್ದಿದ್ದೆ. ಕಟ್ಟಿಕೊಟ್ಟ ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಹೊರಮೈ ಬಿದಿರು ಕಣಮ್ಮ, ಚೆನ್ನಾಗಿ ಇಟ್ಟುಕೊಂಡಿದ್ದೀಯ" ಅಂದರು. ಹೊಸ ಅಂಚು ಆಗ ಬೆಳ್ಳಗಿತ್ತು. ಈಗ ಒಂದು ವರ್ಷದಲ್ಲಿ ಅದೂ ಹಳೆಯ ಬಣ್ಣಕ್ಕೆ ಬರುತ್ತಿದೆ.